ನನ್ನ ಪಾತ್ರದಲ್ಲಿ ನಾನು

ಹನ್ನೊಂದು ವರ್ಷ ಕೋರ್ಟಿನಲ್ಲೇ ಕಳೆದೆ. "ಅಷ್ಟು ವರ್ಷ ಕೋರ್ಟು ಹತ್ತಿದ್ರೆ ಎಂಥಾ ವಕೀಲನೂ ಒಂದು ಕೇಸಾದ್ರೂ ಗೆಲ್ತಾನೆ" ಎಂದು ಸೋದರಮಾವ ಈಗಲೂ ಚುಚ್ಚುತ್ತಾನೆ. ನನ್ನದು ಟೆನಿಸ್ ಕೋರ್ಟು. ನಾನು ಮುಟ್ಟಿದ ಅತಿ ಮೇಲಿನ ರ‍್ಯಾಂಕು ನೂರಾ ಎಂಬತ್ತೇಳು, ಅದೂ ಎರಡೇ ವಾರ. ಆಮೇಲೆ ಭುಜ ಕೈಕೊಟ್ಟಿತು.

ಈಗ ಬೇರೆಯವರಾಗುವುದೇ ನನ್ನ ಕೆಲಸ. ನಮ್ಮ ಕೋಚ್ ತಯಾರು ಮಾಡುವ ಚಾಂಪಿಯನ್ ಒಬ್ಬಳಿದ್ದಾಳೆ. ಬೆನ್ನ ಹಿಂದೆ ಅವಳನ್ನು ಮಹಾರಾಣಿ ಎನ್ನುತ್ತೇವೆ. ಅವಳ ನಾಳೆಯ ಎದುರಾಳಿ ಯಾರೋ, ಇವತ್ತು ನಾನು ಅವಳಂತೆ ಆಡಬೇಕು. ಕಿರುಚುವವಳಾದರೆ ಕಿರುಚುತ್ತೇನೆ. ಪಾಯಿಂಟಿಗೊಮ್ಮೆ ಟವೆಲ್ ಹಿಡಿಯುವವಳಾದರೆ ಬಾರದ ಬೆವರನ್ನೂ ಒರೆಸಿಕೊಳ್ಳುತ್ತೇನೆ. ಏಳು ವರ್ಷದಲ್ಲಿ ನಲವತ್ತು ಹೆಂಗಸರಾಗಿದ್ದೇನೆ.

ಸೆಮಿಫೈನಲ್ಲಿನ ಹಿಂದಿನ ದಿನ ಕೋಚ್ ನಗುತ್ತಾ ಬಂದರು.

"ನಾಳೆ ಬರೋ ಹುಡುಗಿ ಥೇಟ್ ನಿನ್ನ ಥರಾನೇ ಆಡ್ತಾಳೆ ನೋಡಮ್ಮ. ಇವತ್ತು ನಿನಗೆ ರಜಾ ಇದ್ದ ಹಾಗೆ. ಸುಮ್ನೆ ನೀನಾಗಿ ಆಡು."

ಗೆರೆಯ ಹಿಂದೆ ನಿಂತು ಸರ್ವ್ ಮಾಡಿದೆ.

"ಅದು ಒಂಟೆ," ಎಂದರು ಕೋಚ್. ಹೋದ ತಿಂಗಳು ನಾನಾಗಿದ್ದ ಉದ್ದ ಕಾಲಿನವಳು. "ನೀನು, ನೀನು!"

ಇನ್ನೊಂದು ಹೊಡೆದೆ.

"ಅದು ಟವೆಲ್ ರಾಣಿ."

ಮೂರನೆಯದು ಯಾರದೆಂದು ಇಬ್ಬರಿಗೂ ತಿಳಿಯಲಿಲ್ಲ.

"ಅಕ್ಕ, ನೀವು ಹೇಗೆ ಆಡ್ತಿದ್ರಿ ಅಂತ ನೆನಪಿಲ್ವಾ?" ಬಲೆಯಾಚೆಯಿಂದ ಮಹಾರಾಣಿ ಕೇಳಿದಳು. ಕೊಂಕು ಇರಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ.

ಕೋಚ್ ಗಡಿಯಾರ ನೋಡಿದರು. "ಅರ್ಧ ಗಂಟೆ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೆಸ್ತೀನಿ. ಇವತ್ತಿಗಷ್ಟೇ ಅಲ್ಲ."

ಬಟ್ಟೆ ಬದಲಿಸುವ ಕೋಣೆಯ ಬೆಂಚಿನಲ್ಲಿ ಕೂತು, ಹನ್ನೆರಡು ವರ್ಷದ ಹಿಂದಿನ ನನ್ನ ಪಂದ್ಯವನ್ನು ಫೋನಿನಲ್ಲಿ ಹಾಕಿದೆ. ಎದುರಾಳಿಗಳೆಲ್ಲರಿಗೂ ಮಾಡುವಂತೆ ಅದರೊಳಗಿನ ಆ ಹುಡುಗಿಗೂ ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಪುಟ ತೆರೆದೆ. ಮೊಣಕಾಲು ಚೆನ್ನಾಗಿ ಬಗ್ಗಿಸುತ್ತಾಳೆ. ಎರಡನೇ ಸರ್ವ್‌ಗೆ ಹೆದರುತ್ತಾಳೆ. ಚೆಂಡನ್ನು ನಾಲ್ಕು ಸಲ ಕುಟ್ಟಿ ಎಡಕ್ಕೆ ನೋಡುತ್ತಾಳೆ. ಯಾಕೆ? ಕಾರಣ ತಿಳಿಯದೆ ನಕಲು ಕೂರುವುದಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

"ಎಡಗಡೆ ನಾನೇ ಕೂತಿರ್ತಿದ್ನಲ್ಲೇ!" ಅತ್ತ ಮಿಕ್ಸಿ ನಿಂತಿತು. "ನೀನು ಆ ಬದಿಗೆ ಹೋದ್ರೆ ನಾನೂ ಎದ್ದು ಆ ಬದಿಗೆ ಓಡ್ತಿದ್ದೆ. ಹಿಂದಿನವರೆಲ್ಲ ಬೈತಿದ್ರು. ನಾನು ಉಸಿರು ಬಿಟ್ಟ ಮೇಲೇ ನೀನು ಚೆಂಡು ಎಸೀತಿದ್ದದ್ದು. ಯಾಕೆ, ಏನಾಯ್ತು?"

"ಕೆಲಸಕ್ಕೆ ಬೇಕಿತ್ತು."

"ಊಟ ಆಯ್ತಾ?"

"ಆಯ್ತು." ಆಗಿರಲಿಲ್ಲ.

ಕೋರ್ಟಿಗೆ ಮರಳಿದೆ. ನಾಲ್ಕು ಸಲ ಕುಟ್ಟಿ ಎಡಕ್ಕೆ ನೋಡಿದೆ. ಖಾಲಿ ಕುರ್ಚಿಯೊಂದರ ಮೇಲೆ ಯಾರೋ ಬಿಟ್ಟುಹೋದ ನೀರಿನ ಬಾಟಲಿ ಇತ್ತು. ಅದು ಉಸಿರು ಬಿಡುವಷ್ಟು ಹೊತ್ತು ಕಾದು ಹೊಡೆದೆ. ಮಹಾರಾಣಿ ಕೈ ಚಾಚುವುದರೊಳಗೆ ಚೆಂಡು ಹಿಂದಿನ ಪರದೆಗೆ ಬಡಿಯಿತು.

"ಇವಳೇ! ಇವಳೇ!" ಕೋಚ್ ಕುಣಿದರು. "ಎಲ್ಲಿದ್ದೆ ಮಾರಾಯ್ತಿ ಇಷ್ಟು ದಿನ?"

ಇನ್ನೂ ನಾಲ್ಕು ಹಾಗೇ ಹೋದವು. ಆರನೆಯದನ್ನು ಮಹಾರಾಣಿ ಆರಾಮಾಗಿ ವಾಪಸ್ ಹೊಡೆದಳು. ಏಳನೆಯದನ್ನೂ.

"ಗೊತ್ತಾಯ್ತು ಅಕ್ಕ. ಎಡಕ್ಕೆ ನೋಡಿದ್ಮೇಲೆ ನೀವು ಯಾವಾಗ್ಲೂ ಬಲಕ್ಕೇ ಹೊಡೀತೀರಿ."

ಹನ್ನೊಂದು ವರ್ಷ ನನಗಿದು ಗೊತ್ತಿರಲಿಲ್ಲ. ಎದುರಿಗಿದ್ದವರಿಗೆ ಗೊತ್ತಿದ್ದಿರಬೇಕು.

"ನಾಳೆಯವಳೂ ಹಾಗೆ ನೋಡ್ತಾಳಾ?" ಮಹಾರಾಣಿ ಕೋಚ್‌ನ ಕಡೆ ತಿರುಗಿದಳು.

"ಇಲ್ಲ, ಅದು ಇವಳೊಬ್ಬಳದೇ." ಕೋಚ್ ನನಗೆ ಕೈಬೀಸಿದರು. "ಅದೊಂದನ್ನ ಬಿಟ್ಟುಬಿಡಮ್ಮ. ಉಳಿದದ್ದೆಲ್ಲ ಹಾಗೇ ಇರಲಿ."

ಬಿಟ್ಟೆ. ನಾಲ್ಕು ಸಲ ಕುಟ್ಟಿ, ಎಲ್ಲೂ ನೋಡದೆ ಹೊಡೆದೆ. ನನಗಿಂತ ಚೆನ್ನಾಗಿ ಬಂತು.

ಮುಗಿಸಿ ಬಂದಾಗ ಈ ಸಲ ಅಮ್ಮನೇ ಫೋನ್ ಮಾಡಿದಳು. "ಕೆಲಸಕ್ಕೆ ಬಂತೇನೇ ನಾನು ಹೇಳಿದ್ದು?"

"ಹೂಂ, ಬಂತು," ಎಂದೆ. ಪುಸ್ತಕ ತೆಗೆದು ಆ ಹುಡುಗಿಯ ಪುಟದಲ್ಲಿ, ಎಡಕ್ಕೆ ನೋಡುತ್ತಾಳೆ ಎಂಬುದರ ಮೇಲೆ ಗೀಟು ಎಳೆದೆ.