ಗಾಜಿನಕ್ಕ ಸಹಿ ಹಾಕಲಿಲ್ಲ

ನಮ್ಮ ಚಾನೆಲ್ಲಿನಲ್ಲಿ ಆಕೆಯನ್ನು ಎಲ್ಲರೂ ಗಾಜಿನಕ್ಕ ಅಂತಲೇ ಕರೆಯುತ್ತಿದ್ದರು. ಸ್ಟುಡಿಯೋದ ಮೂಲೆಯಲ್ಲಿ, ಇಬ್ಬರು ಕೂತರೆ ಮೊಣಕೈಗೆ ಮೊಣಕೈ ತಾಗುವಷ್ಟು ಇಕ್ಕಟ್ಟಾದ ಒಂದು ಗಾಜಿನ ಗೂಡು. ಅದರೊಳಗೆ ಹೆಡ್‌ಫೋನ್ ಹಾಕಿಕೊಂಡು ಹದಿನೇಳು ವರ್ಷ ಕೂತ ದುಭಾಷಿ ಆಕೆ. ಹೊರದೇಶದಿಂದ ಮಂತ್ರಿ ಬರಲಿ, ಸಿನಿಮಾ ನಿರ್ದೇಶಕ ಬರಲಿ, ಬಹುಮಾನ ಬಂದ ಕಾದಂಬರಿಕಾರ ಬರಲಿ, ಅವರ ಬಾಯಿಂದ ಬಿದ್ದ ಮಾತು ನೆಲ ಮುಟ್ಟುವ ಮೊದಲೇ ಅದನ್ನು ನಮ್ಮ ಭಾಷೆಯಲ್ಲಿ ಎತ್ತಿ ಕೊಡುವುದು ಆಕೆಯ ಕೆಲಸ. ಅರ್ಧ ಊರಿಗೆ ಆಕೆಯ ದನಿ ಗೊತ್ತಿತ್ತು, ಮುಖ ಯಾರಿಗೂ ಗೊತ್ತಿರಲಿಲ್ಲ. ತರಕಾರಿ ಅಂಗಡಿಯವನು ಒಮ್ಮೆ, "ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲಮ್ಮ" ಅಂದನಂತೆ. "ದೇಶಾಂತರದವರೆಲ್ಲ ನನ್ನ ಗಂಟಲಲ್ಲೇ ಮಾತಾಡೋದಪ್ಪ, ಎರಡು ಬದನೆಕಾಯಿ ಹೆಚ್ಚಿಗೆ ಹಾಕು" ಅಂದಳಂತೆ.

ನಾನು ಸೌಂಡ್ ಮೇಜಿನವನು. ಗೂಡಿನ ಎದುರಿಗೇ ನನ್ನ ಜಾಗ. ಅತಿಥಿ ಬಾಯಿ ತೆರೆದ ಕೂಡಲೇ ಅವರ ದನಿಯ ಗುಂಡಿಯನ್ನು ಕೆಳಕ್ಕೆಳೆದು ಅಕ್ಕನ ಗುಂಡಿಯನ್ನು ಮೇಲಕ್ಕೆ ತಳ್ಳಬೇಕು. ಹನ್ನೊಂದು ವರ್ಷ ಹೀಗೆ ಮಾಡಿ ನಮ್ಮಿಬ್ಬರಿಗೂ ಕಣ್ಣಲ್ಲೇ ಮಾತು ನಡೆಯುತ್ತಿತ್ತು. ಅತಿಥಿ ಬುರುಡೆ ಬಿಡುತ್ತಿದ್ದರೆ ಆಕೆಯ ಎಡಹುಬ್ಬು ಏರುತ್ತಿತ್ತು. ದನಿಯಲ್ಲಿ ಮಾತ್ರ ಏರುಪೇರಿಲ್ಲ. "ಅವರ ಸುಳ್ಳನ್ನೂ ನಾನು ನಿಯತ್ತಾಗಿ ಹೇಳಬೇಕು ಕಣೋ. ಅದೇ ಈ ಕೆಲಸದ ಮಾನ" ಅನ್ನುತ್ತಿದ್ದಳು.

ಆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಸಮುದ್ರದಾಚೆಯ ನೆರೆದೇಶದ ನೌಕಾಮಂತ್ರಿಯ ನೇರ ಸಂದರ್ಶನವಿತ್ತು. ಮೂರು ವಾರದ ಹಿಂದೆ, ಆ ದಡದಲ್ಲಿ ದುಡಿದು ಮನೆಗೆ ಮರಳುತ್ತಿದ್ದ ನಮ್ಮ ಬಂದರಿನ ಇಪ್ಪತ್ತಮೂರು ಕೂಲಿಯವರ ದೋಣಿ ಮುಳುಗಿತ್ತು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಆ ದೇಶದ ಕಾವಲು ಹಡಗು ಹಾದುಹೋಗಿತ್ತು. ನಿಲ್ಲಲಿಲ್ಲ. ಹನ್ನೆರಡು ಹೆಣ ಸಿಕ್ಕಿದ್ದವು, ಉಳಿದವು ಸಿಗಲಿಲ್ಲ.

ಮಂತ್ರಿ ನಗುಮುಖದವನು. ಮೈಕ್ ಸಿಕ್ಕಿಸುವಾಗ ನನ್ನ ಹೆಗಲು ತಟ್ಟಿದ. ನಮ್ಮ ನಿರೂಪಕಿ ವ್ಯಾಪಾರ ಒಪ್ಪಂದ, ಚಿತ್ರೋತ್ಸವ ಎಲ್ಲ ಮುಗಿಸಿ ಕೊನೆಗೆ ಕೇಳಿದರು: "ನಿಮ್ಮ ಹಡಗು ಯಾಕೆ ತಿರುಗಲಿಲ್ಲ?"

ಮಂತ್ರಿ ಕಾಲ ಮೇಲೆ ಕಾಲು ಹಾಕಿದ. ಪಕ್ಕದಲ್ಲಿ ನಿಂತ ತನ್ನ ಕಾರ್ಯದರ್ಶಿಯ ಕಡೆ ನೋಡಿ ನಕ್ಕು, ಪುಟ್ಟದೊಂದು ಮಾತು ಆಡಿದ. ಆಮೇಲೆ ಅದು ಎಲ್ಲರ ಬಾಯಲ್ಲೂ ಓಡಾಡಿತು. ಅಕ್ಷರಕ್ಕೆ ಅಕ್ಷರ ಇಟ್ಟರೆ, "ತಳನೀರಿಗೆ ಹಡಗು ತಿರುಗೋದಿಲ್ಲ."

ಅಕ್ಕನ ಹುಬ್ಬು ಏರಲಿಲ್ಲ. ಮುಖವೇ ಕಲ್ಲಾಯಿತು. ಅರ್ಧ ಉಸಿರಿನಷ್ಟು ಹೊತ್ತು ನಿಂತು, ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು: "ಹಡಗಿನ ಹೊಟ್ಟೆಯಲ್ಲಿ ನಿಲ್ಲೋ ಕೊಳಕು ನೀರಿನಂಥ ಜನಕ್ಕೋಸ್ಕರ ಯಾರೂ ಹಡಗು ತಿರುಗಿಸೋದಿಲ್ಲ."

ನಿರೂಪಕಿ ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. ನನ್ನ ಕಿವಿಯೊಳಗೆ ಸಂಪಾದಕರು ಚೀರಿದರು: "ಅವಳ ದನಿ ಕಟ್ ಮಾಡು! ಮಾಡೋ!"

ನನ್ನ ಬೆರಳು ಗುಂಡಿಯನ್ನು ಎಳೆದೇಬಿಟ್ಟಿತು. ಯೋಚನೆ ಮಾಡಿ ಎಳೆದೆ ಅಂದರೆ ಸುಳ್ಳಾದೀತು. ಹನ್ನೊಂದು ವರ್ಷ ಕಿವಿಗೆ ಬಿದ್ದ ಮಾತಿಗೆ ಬೆರಳು ಕುಣಿದು ಅಭ್ಯಾಸ. ಗಾಜಿನಾಚೆ ಆಕೆಯ ತುಟಿ ಇನ್ನೂ ಆಡುತ್ತಿತ್ತು. ದನಿ ಹೋಗಿದೆಯೆಂದು ತಿಳಿದಾಗ ನನ್ನ ಕಡೆ ನೋಡಿದಳು. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ನಮ್ಮಿಬ್ಬರನ್ನೂ ಸಂಪಾದಕರ ಕೋಣೆಗೆ ಕರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಇತ್ತು.

"ನೋಡಮ್ಮ, ಅವರ ಕಚೇರಿಯಿಂದ ನಾಲ್ಕು ಸಲ ಫೋನ್ ಬಂತು. ತಳನೀರು ಅಂದ್ರೆ ಸಮುದ್ರದ ಅಡಿಯ ಸೆಳೆತವಂತೆ. ಸೆಳೆತ ಜೋರಿತ್ತು, ಹಡಗು ತಿರುಗಿಸೋಕೆ ಆಗಲಿಲ್ಲ ಅಂತ ಅವರು ಹೇಳಿದ್ದು. ಕಾಲೇಜಿನ ಪ್ರೊಫೆಸರನ್ನೂ ಕೇಳಿದೆ. ನಿಘಂಟಿನಲ್ಲಿ ಹಾಗೇ ಇದೆಯಂತೆ. ನಿಂಗೆ ಕೇಳಿಸಿದ್ದು ತಪ್ಪು ಅಂತ ಒಂದು ಸಹಿ ಹಾಕು. ಇಲ್ಲಿಗೆ ಮುಗೀತು."

"ಕೇಳಿಸಿದ್ದು ತಪ್ಪಲ್ಲ ಸಾರ್."

"ಅರ್ಥ ಮಾಡಿಕೊಂಡಿದ್ದು ತಪ್ಪು ಅಂತ ಬರೆಯೋಣ ಬಿಡು."

"ಅದೂ ತಪ್ಪಲ್ಲ. ನಿಘಂಟು ಓದಿದವರು ಕಟ್ಟಿದ್ದು ಸಾರ್. ಆ ಮಾತು ಹಡಗಿನವರದ್ದು. ಸೆಳೆತದ ಬಗ್ಗೆ ಹೇಳೋನು ಪಕ್ಕದವನನ್ನ ನೋಡಿ ನಗ್ತಾನಾ?"

"ಹಟ ಮಾಡಬೇಡ. ಹದಿನೇಳು ವರ್ಷದ ಕೆಲಸ."

"ಅದಕ್ಕೇ ಸಾರ್. ಹದಿನೇಳು ವರ್ಷ ನಾನು ಹೇಳಿದ್ದನ್ನ ಜನ ನಂಬಿದಾರೆ. ಇವತ್ತು ಸುಳ್ಳು ಅಂತ ಬರೆದುಕೊಟ್ರೆ, ಅಷ್ಟೂ ವರ್ಷ ಹೇಳಿದ್ದು ಸುಳ್ಳಾಗುತ್ತೆ."

ಪೆನ್ನಿನ ಮುಚ್ಚಳ ಹಾಕಿ, ಹಾಳೆಯ ಮೇಲಿಟ್ಟು, ಎದ್ದು ನಡೆದಳು. ಸಹಿ ಇಲ್ಲದೆಯೇ ಸಂಜೆಯ ಸುದ್ದಿಯಲ್ಲಿ ತೆರೆಯ ಕೆಳಗೆ ಸಾಲು ಓಡಿತು: ದುಭಾಷಿಯ ತಪ್ಪಿಗಾಗಿ ವಿಷಾದಿಸುತ್ತೇವೆ. ಶುಕ್ರವಾರದೊಳಗೆ ಸಹಿ ಹಾಕಿದರೆ ಒಳಗೆ, ಇಲ್ಲದಿದ್ದರೆ ಹೊರಗೆ ಅಂತ ಆಕೆಗೆ ಸಂದೇಶ ಹೋಯಿತು.

ಮರುದಿನ ಪಾಳಿ ಮುಗಿಸಿಕೊಂಡು ಆಕೆಯ ಮನೆಗೆ ಹೋದೆ. ಕ್ಷಮೆ ಕೇಳಬೇಕಿತ್ತು. ಮೂರನೇ ಮಹಡಿ, ಕಾಲಿಟ್ಟರೆ ಮುಗಿಯುವಷ್ಟು ಅಡುಗೆಮನೆ. ಆಕೆಯ ಅಮ್ಮ, ಎಪ್ಪತ್ತೆಂಟರ ಮುದುಕಿ, ಬಟಾಣಿ ಸುಲಿಯುತ್ತಾ ಕೂತಿದ್ದರು.

"ನಿನ್ನೆ ಗುಂಡಿ ಎಳೆದಿದ್ದು ನಾನು ಅಕ್ಕ."

"ಗೊತ್ತು. ಮತ್ಯಾರು ಎಳೀತಾರೆ?" ಅಂದಳು. "ಕೂತ್ಕೋ. ಬಟಾಣಿ ಸುಲಿ."

ಸುಲಿಯುತ್ತಾ ಆಕೆಯೇ ಬಾಯಿಬಿಟ್ಟಳು. ನಿನ್ನೆಯಿಂದ ತನಗೇ ಅನುಮಾನ ಶುರುವಾಗಿದೆಯಂತೆ. ಆ ಭಾಷೆ ಆಕೆ ಶಾಲೆಯಲ್ಲಿ ಕಲಿತದ್ದಲ್ಲ. ಅಮ್ಮ ಬಂದರಿನ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಮಗಳು ದಿನಾ ಶಾಲೆ ಬಿಟ್ಟಮೇಲೆ ನಾವಿಕರ ವಾರ್ಡಿನಲ್ಲೇ ಬೆಳೆದದ್ದು. ಕಾಲು ಮುರಿದು ಮಲಗಿದವರು ಬೇಜಾರಿಗೆ ಮಾತು ಕಲಿಸಿದರು, ಬೈಗುಳ ಮೊದಲು, ಆಮೇಲೆ ಉಳಿದದ್ದು. "ಆ ಮಾತನ್ನ ಎಲ್ಲಿ ಕೇಳಿದೆ ಅಂತ ಮಾತ್ರ ನೆನಪಾಗ್ತಿಲ್ಲ. ಪ್ರೊಫೆಸರು ಹೇಳಿದ್ದೇ ಸರಿಯಿದ್ರೆ? ನಾನೇ ಇಪ್ಪತ್ತಮೂರು ಮನೆಯವರ ಗಾಯಕ್ಕೆ ಖಾರ ಹಾಕಿದೆನಾ?"

"ಏನದು ಮಾತು?" ಅಂದರು ಮುದುಕಿ. ಕಿವಿ ಮಂದ. ಮಗಳು ಆ ಭಾಷೆಯಲ್ಲೇ ಜೋರಾಗಿ ಹೇಳಿದಳು.

ಮುದುಕಿಯ ಕೈ ನಿಂತಿತು. "ಆ ಹಾಳು ಮಾತನ್ನ ನನ್ನ ಮುಂದೆ ಆಡಬೇಡ. ಹಡಗಿನ ಒಲೆಗೆ ಕಲ್ಲಿದ್ದಲು ಹಾಕೋ ಒಬ್ಬನಿಗೆ ಎದೆ ಸುಟ್ಟಿತ್ತು. ಇನ್ನೆರಡು ದಿನ ಹಡಗು ನಿಲ್ಲಿಸಿ, ಕರಕೊಂಡು ಹೋಗಿ ಅಂತ ದೊಡ್ಡ ಡಾಕ್ಟರು ಕ್ಯಾಪ್ಟನ್ನನ್ನ ಕೇಳಿಕೊಂಡ್ರು. ಅವನು ಟೋಪಿ ತಲೆಗಿಟ್ಟುಕೊಂಡು ಇದೇ ಮಾತು ಅಂದು ಹೋದ. ಹಾಸಿಗೇಲಿದ್ದ ಹುಡುಗ ಗೋಡೆ ಕಡೆ ತಿರುಗಿ ಮಲಗಿದ. ನಾಲ್ಕನೇ ದಿನ ತೀರಿಹೋದ. ನೀನು ನನ್ನ ಸೆರಗು ಹಿಡ್ಕೊಂಡು ಅಲ್ಲೇ ನಿಂತಿದ್ದೆ, ಆರು ವರ್ಷದವಳು. ಹಾಗಂದ್ರೇನಮ್ಮ ಅಂತ ಕೇಳಿದ್ದೆ."

ಅಕ್ಕ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. "ನಿನ್ನ ಮೊಬೈಲಲ್ಲಿ ಆ ಸಂದರ್ಶನದ ತುಣುಕು ಇದೆಯೇನೋ?"

"ಇದೆ."

"ನಡಿ, ಬಂದರಿಗೆ."

ಹಳೆಯ ಹಡಗುಗಳನ್ನು ರಿಪೇರಿ ಮಾಡುವ ಕಟ್ಟೆಯ ಹಿಂದೆ, ನಿವೃತ್ತ ನಾವಿಕರ ವಸತಿಗೃಹವಿದೆ. ಆ ದೇಶದವರೇ ಹತ್ತು ಹನ್ನೆರಡು ಮಂದಿ, ಇಲ್ಲಿಯೇ ಮದುವೆಯಾಗಿ ಇಲ್ಲಿಯೇ ಮುದುಕರಾದವರು, ಅಲ್ಲಿ ಇಸ್ಪೀಟಾಡುತ್ತಿದ್ದರು. ಅವರ ಮುಂದಾಳು ಹಡಗಿನ ಅಡುಗೆಯವನಾಗಿದ್ದ ಒಬ್ಬ ದಢೂತಿ ಮುದುಕ. ಅಕ್ಕ ಏನನ್ನೂ ವಿವರಿಸಲಿಲ್ಲ. ಮೊಬೈಲನ್ನು ಎಲೆಗಳ ನಡುವೆ ಇಟ್ಟು, "ಕೇಳಿ" ಅಂದಳು, ಅಷ್ಟೇ.

ಮಂತ್ರಿ ಆ ಮಾತು ಆಡಿದ ಕೂಡಲೇ ಒಬ್ಬ ಎಲೆ ಕೆಳಗೆ ಹಾಕಿದ. ಇನ್ನೊಬ್ಬ ಎದ್ದುಹೋಗಿ ಕಿಟಕಿಯಿಂದ ಉಗಿದು ಬಂದ. ಅಡುಗೆಯವನು ಮಾತ್ರ ನಿಧಾನಕ್ಕೆ, ನಮ್ಮ ಭಾಷೆಯಲ್ಲೇ ತನ್ನ ಒರಟು ಉಚ್ಚಾರದಲ್ಲಿ ಕೇಳಿದ: "ನಲವತ್ತು ವರ್ಷ ನಮ್ಮನ್ನ ಹಾಗೇ ಕರೆದ್ರು. ಟೀವಿಯಲ್ಲೂ ಅನ್ನೋ ಧೈರ್ಯ ಬಂತಾ ಇವರಿಗೆ?"

"ಅವರು ಅನ್ನಲೇ ಇಲ್ವಂತೆ. ನಾನು ತಪ್ಪು ಹೇಳಿದೆನಂತೆ."

"ಯಾರಿಗೆ ಬಂದು ಹೇಳಬೇಕು?"

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಚಾನೆಲ್ಲಿನ ಸ್ವಾಗತ ಕೋಣೆಯ ಸೋಫಾಗಳು ಸಾಲಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹನ್ನೊಂದು ಮುದುಕರು, ನಡುವೆ ಅಕ್ಕ. ಸಂಪಾದಕರು ಬಾಲ ಸುಟ್ಟ ಬೆಕ್ಕಿನ ಹಾಗೆ ಇಳಿದು ಬಂದರು.

"ಇದೇನಮ್ಮ ಸಂತೆ? ಸಹಿ ಹಾಕೋಕೆ ಇಷ್ಟು ಜನ ಯಾಕೆ?"

"ನಾನು ಸಹಿ ಹಾಕಲ್ಲ ಸಾರ್. ಇವರು ಹಾಕ್ತಾರೆ. ನಾನು ಹೇಳಿದ್ದು ಸರಿ ಅಂತ."

"ಪ್ರೊಫೆಸರಿಗಿಂತ ಇವರು ದೊಡ್ಡವರಾ?"

ಅಡುಗೆಯವನು ಎದ್ದು ನಿಂತ. "ಸಾಹೇಬ್ರೇ, ಪ್ರೊಫೆಸರನ್ನ ಯಾರಾದ್ರೂ ತಳನೀರು ಅಂತ ಕರೆದಿದ್ದಾರಾ?"

ಸಂಪಾದಕರು ಕಾವಲಿನವನನ್ನು ಕರೆದರು. ಅಷ್ಟರಲ್ಲಿ ಮೇಕಪ್ಪಿನ ಬಟ್ಟೆಯನ್ನು ಕುತ್ತಿಗೆಯಿಂದ ತೆಗೆಯದೆಯೇ ನಿರೂಪಕಿ ಮೆಟ್ಟಿಲಿಳಿದು ಬಂದರು. ಮೂರು ದಿನದಿಂದ ಅವರು ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ. ಅಡುಗೆಯವನ ಹತ್ತಿರ ನಿಂತು ಎರಡೇ ಪ್ರಶ್ನೆ ಕೇಳಿದರು. ಆಮೇಲೆ ಸಂಪಾದಕರ ಕಡೆ ತಿರುಗಿದರು.

"ಹನ್ನೊಂದಕ್ಕೆ ಯಾರ ಸಂದರ್ಶನ ಇದೆ?"

"ಪ್ರವಾಸೋದ್ಯಮದವರದ್ದು."

"ಅವರಿಗೆ ಕಾಫಿ ಕೊಡಿಸಿ, ಕೂತಿರಲಿ. ನಾನು ಇವರ ಜೊತೆ ಮಾತಾಡ್ತೀನಿ. ಪ್ರಶ್ನೆ ಕೇಳಿದವಳು ನಾನು ಸಾರ್. ಉತ್ತರ ಏನು ಅಂತ ತಿಳ್ಕೊಳ್ಳೋ ಹಕ್ಕು ನನಗೂ ಇದೆ."

"ನೀನು ನನ್ನ ಅಪ್ಪಣೆ..."

"ಬೇಡ ಅಂದ್ರೆ ಆ ಕುರ್ಚೀಲಿ ನೀವೇ ಕೂತ್ಕೊಳ್ಳಿ. ಇನ್ನೂ ಮುಕ್ಕಾಲು ಗಂಟೆ ಇದೆ, ಪೌಡರ್ ಹಚ್ಚಿಸಿಕೊಳ್ಳಬಹುದು."

ನಗಬಾರದ ಹೊತ್ತಿನಲ್ಲಿ ಕಾವಲಿನವನು ನಕ್ಕುಬಿಟ್ಟ.

ಹನ್ನೊಂದಕ್ಕೆ ಅಡುಗೆಯವನು ಮಂತ್ರಿ ಕೂತಿದ್ದ ಕುರ್ಚಿಯಲ್ಲೇ ಕೂತ. ಆ ಕುರ್ಚಿಯ ಕೈಗಳ ನಡುವೆ ಅವನಿಗೆ ಜಾಗ ಸಾಲದೆ ತುದಿಯಲ್ಲಿ ಕೂರಬೇಕಾಯಿತು. ಅಕ್ಕ ಗೂಡಿನೊಳಗೆ ಹೋದಳು. ಯಾರೂ ತಡೆಯಲಿಲ್ಲ. ನಿರೂಪಕಿ ಮೊದಲು ಆ ತುಣುಕು ತೋರಿಸಿದರು. "ಈ ಮಾತಿನ ಅರ್ಥ ಏನು?" ಅಂದರು.

ಅವನು ತನ್ನ ಭಾಷೆಯಲ್ಲೇ ಹೇಳಿದ. ಹಡಗಿನ ತಳದಲ್ಲಿ ಎಣ್ಣೆ, ತುಕ್ಕು, ಬೆವರು, ವಾಂತಿ ಎಲ್ಲ ಸೇರಿ ನಿಲ್ಲುವ ನೀರಿದೆ. ಪಂಪು ಹಾಕಿ ಅದನ್ನು ಹೊರಗೆ ಚೆಲ್ಲುತ್ತಾರೆ. ಮೇಲಿನವರು ಕೆಳಗೆ ದುಡಿಯುವವರನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಸೆಳೆತಕ್ಕೆ ನಾವಿಕರಲ್ಲಿ ಬೇರೆಯೇ ಪದವಿದೆ, ಅಂಬೆಗಾಲಿಡುವ ಕೂಸಿಗೂ ಅದು ಗೊತ್ತು. ಅಕ್ಕ ಒಂದು ಪದ ಬಿಡದೆ ಎತ್ತಿಕೊಟ್ಟಳು. ಅವನು ಮಾತು ನಿಲ್ಲಿಸಿದಾಗ ಆಕೆಯೂ ಕಾದಳು. ಅವನು ಕಣ್ಣೊರೆಸಿಕೊಂಡು ಮುಂದುವರಿಸಿದಾಗ ಆಕೆಯೂ ಮುಂದುವರಿಸಿದಳು.

"ಕಟ್ ಮಾಡು. ಇಬ್ಬರದ್ದೂ ಕಟ್ ಮಾಡು" ಅಂತ ನನ್ನ ಕಿವಿಯಲ್ಲಿ ಬಂತು.

ಹೆಂಡತಿಯ ಮುಖ, ಮನೆಯ ಬಾಡಿಗೆ ಎಲ್ಲ ಕಣ್ಣ ಮುಂದೆ ಹಾದುಹೋದವು. ಹೆಡ್‌ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟೆ. ಎರಡೂ ಕೈ ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

ಏಳನೇ ನಿಮಿಷಕ್ಕೆ ಮೇಲಿನ ಕೋಣೆಯಿಂದ ಯಾರೋ ಸೋಪಿನ ಜಾಹೀರಾತು ಹಾಕಿದರು. ಏಳು ನಿಮಿಷ ಬೇಕಾದಷ್ಟಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮುಳುಗಿದವರ ಮನೆಯವರು ಬಂದರಿನ ಗೇಟಿನ ಮುಂದೆ ಸೇರಿದ್ದರು. ಯಾರೋ ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಹಿಡಿದಿದ್ದರು: ನಾವು ತಳನೀರು. ತಿರುಗಿ ನೋಡಿ.

ಆಮೇಲೆ ಏನಾಯಿತು ಅಂದರೆ, ಎಲ್ಲ ಸುಖವಾಗಿ ಮುಗಿಯಲಿಲ್ಲ. ಮಂತ್ರಿ ತನ್ನ ಕುರ್ಚಿಯಲ್ಲೇ ಇದ್ದಾನೆ. ಚಾನೆಲ್ಲು ತನ್ನ ವಿಷಾದವನ್ನು ಹಿಂದಕ್ಕೆ ಪಡೆಯಲಿಲ್ಲ. ಅಕ್ಕನ ಗುತ್ತಿಗೆ ಮುಂದುವರಿಸುವುದಿಲ್ಲ ಅಂತ ಎರಡು ಸಾಲಿನ ಪತ್ರ ಬಂತು, ನನಗೂ ಅಂಥದ್ದೇ ಒಂದು. ನಿರೂಪಕಿಯನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಅವರು ತಿಂಗಳೊಪ್ಪತ್ತಿನಲ್ಲಿ ತಾವೇ ಬಿಟ್ಟರು. ನಾನೀಗ ಸಭೆ ಸಮಾರಂಭಗಳಿಗೆ ಮೈಕ್ ಕಟ್ಟುತ್ತೇನೆ. ನಷ್ಟವಾಯಿತಾ ಅಂತ ಹೆಂಡತಿ ಕೇಳಿದರೆ ಆಯಿತು ಅನ್ನುತ್ತೇನೆ. ಪಶ್ಚಾತ್ತಾಪವಿದೆಯಾ ಅಂದರೆ, ಮೊದಲ ಸಲ ಗುಂಡಿ ಎಳೆದದ್ದಕ್ಕೆ ಇದೆ.

ಆದರೆ ಆ ಗಲಾಟೆಯಿಂದ ಎರಡೂ ದೇಶದವರು ಕೂಡಿ ವಿಚಾರಣಾ ಆಯೋಗ ನೇಮಿಸಬೇಕಾಯಿತು. ಮುಳುಗಿದವರ ಮನೆಯವರು ಹಟ ಹಿಡಿದರು: ಬೇರೆ ಯಾವ ದುಭಾಷಿಯೂ ಬೇಡ, ಆ ಅಕ್ಕನೇ ಬೇಕು. ಮೊದಲ ದಿನ ನಾನೂ ಹೋಗಿದ್ದೆ. ಎತ್ತರದ ಚಾವಣಿಯ ಸಭಾಂಗಣ, ಮರದ ಬೆಂಚು, ಹಿಂದಿನ ಸಾಲುಗಳಲ್ಲಿ ಇಪ್ಪತ್ತಮೂರು ಮನೆಯವರು. ಈ ಸಲ ಗಾಜಿರಲಿಲ್ಲ. ಸಾಕ್ಷಿಯ ಪಕ್ಕದಲ್ಲೇ ಒಂದು ಕುರ್ಚಿ, ಅದರಲ್ಲಿ ಅಕ್ಕ. ಎಲ್ಲರೂ ಆಕೆಯ ಮುಖ ನೋಡುತ್ತಿದ್ದರು.

ಆ ದೇಶದ ಪರ ವಕೀಲ ಶುರುವಿಗೇ ಎದ್ದು ತಗಾದೆ ತೆಗೆದ. "ಈಕೆಗೆ ನಮ್ಮ ಭಾಷೆಯಲ್ಲಿ ಯಾವ ಪದವಿ ಇದೆ? ಯಾವ ವಿಶ್ವವಿದ್ಯಾಲಯ?"

ಹಾಗೆ ಕೇಳಿದ್ದು ಅವನ ಭಾಷೆಯಲ್ಲಿ. ಅದನ್ನು ಅನುವಾದಿಸಬೇಕಾದವಳೂ ಆಕೆಯೇ. ಬೆನ್ನು ನೆಟ್ಟಗೆ ಮಾಡಿ, ಸಭಾಂಗಣದ ಕೊನೆಯ ಬೆಂಚಿಗೂ ಕೇಳಿಸುವ ಹಾಗೆ, ಅವನ ಕೊಂಕನ್ನೂ ಬಿಡದೆ ಪ್ರಶ್ನೆಯನ್ನು ನಮ್ಮ ಭಾಷೆಯಲ್ಲಿ ಹೇಳಿದಳು. ಆಮೇಲೆ ಆಯೋಗದ ನ್ಯಾಯಾಧೀಶರ ಕಡೆ ತಿರುಗಿ, ತನ್ನ ದನಿಯಲ್ಲಿ ಅಂದಳು:

"ಪದವಿ ಇಲ್ಲ ಸ್ವಾಮಿ. ಬಂದರಿನ ಆಸ್ಪತ್ರೆ, ನಾವಿಕರ ವಾರ್ಡು, ಹತ್ತು ವರ್ಷ. ನನ್ನ ಮೇಷ್ಟ್ರುಗಳನ್ನ ಕರೆಸೋಕಾಗಲ್ಲ, ಅವರು ಸತ್ತು ಬಹಳ ಕಾಲ ಆಯ್ತು. ನನ್ನ ಪರೀಕ್ಷೆ ಮಾಡಬೇಕು ಅಂದ್ರೆ ವಕೀಲರು ಮಾತಾಡಲಿ. ಅವರು ಬಾಯಲ್ಲಿ ಹೇಳಿದ್ದು, ಮನಸ್ಸಲ್ಲಿ ಇಟ್ಕೊಂಡಿದ್ದು ಎರಡನ್ನೂ ಹೇಳ್ತೀನಿ."

ಹಿಂದಿನ ಬೆಂಚಿನಲ್ಲಿ ಯಾರೋ ಹೆಂಗಸು ಚಪ್ಪಾಳೆ ತಟ್ಟಿದಳು. ನ್ಯಾಯಾಧೀಶರು ಸದ್ದು ಬೇಡ ಅಂದರು. ವಕೀಲ ಕೂತುಕೊಂಡ. ಕಾವಲು ಹಡಗಿನ ಕ್ಯಾಪ್ಟನ್ನನ್ನು ಕಟಕಟೆಗೆ ಕರೆದರು, ಅಕ್ಕ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.