ಸರ್ಜಾನ ಹೊಟ್ಟೆ ಸೇರಿದ ಗುಳಿಗೆ

ಮಗಳು ಕಾಜಲಳ ಗುಳಿಗೆಯ ಡಬ್ಬಿ ಹಗುರವಾಗಿತ್ತು. ಶೀತಲ ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು, ಬೋರಲು ಹಾಕಿ ತಟ್ಟಿದಳು. ಏನೂ ಬೀಳಲಿಲ್ಲ. ಡಾಕ್ಟರು ಮತ್ತೆ ಬರೆದುಕೊಡುವ ತಾರೀಖು ಇನ್ನೂ ದೂರವಿತ್ತು.

"ಮಾಳೂ!"

ಮೈದುನ ಮಾಳು ಹಟ್ಟಿಯಲ್ಲಿ ತನ್ನ ಕಾಳಗದ ಟಗರು ಸರ್ಜಾನ ಕೊಂಬಿಗೆ ಎಣ್ಣೆ ತಿಕ್ಕುತ್ತಿದ್ದ. ಸರ್ಜಾ ಮುಂದಿಟ್ಟ ಮೇವು ಮುಟ್ಟದೆ ನೀರಿನ ಬ್ಯಾರಲನ್ನೇ ದಿಟ್ಟಿಸುತ್ತಿತ್ತು. ಮೇವಿನ ಪಕ್ಕದಲ್ಲಿ ಬೆಲ್ಲದ ಉಂಡೆಯೊಂದು ಬಿದ್ದಿತ್ತು. ಶೀತಲ ಒಡೆದು ನೋಡಿದಳು. ಒಳಗೆ ಗುಳಿಗೆ.

"ಏನೋ ಇದು?"

"ವೈನಿ, ನೀನ ಹೇಳಿದ್ದಿ ಅಲಾ, ಇದನ್ನ ತಗೊಂಡ್ರ ಲಕ್ಷ್ಯ ಒಂದ ಕಡಿ ನಿಂದರತದ ಅಂತ. ಇವಂದೂ ಲಕ್ಷ್ಯ ಭಾಳ ಚದರತಿತ್ತು. ಸಾಂಗ್ಲ್ಯಾಗ ಓದೂ ಹುಡುಗ್ರೂ ಪರೀಕ್ಷಾಕ್ಕ ತಗೋತಾರಂತ."

"ಡಾಕ್ಟರ ಬರದದ್ದು ಕಾಜಲಗೋ, ನಿನ್ನ ಸರ್ಜಾಗೋ?"

"ದಿನಾ ಸ್ವಲ್ಪ ಸ್ವಲ್ಪಾನ ಕೊಟ್ಟೀನಿ."

"ಗೆದ್ದನೇನು ಶೇಗಾಂವದ ಕಾಳಗದಾಗ?"

ಮಾಳು ತಲೆ ಕೆರೆದುಕೊಂಡ. "ಇಲ್ಲ. ಎದುರಿನ ಟಗರ ಬಿಟ್ಟು ಮಂಡಪದ ಕಂಬಕ್ಕ ಹಾದಾ."

ಬೇರೆ ದಿನವಾಗಿದ್ದರೆ ಶೀತಲ ನಗುತ್ತಿದ್ದಳು. ಎಡಿಎಚ್‌ಡಿ ಎಂಬ, ಲಕ್ಷ್ಯ ಚದುರುವ ತೊಂದರೆಯ ಹೆಸರು ತಿಳಿಯುವ ಮೊದಲು ಮಗಳು ಅದೆಷ್ಟು ಸಲ ವರ್ಗ ಬಿಟ್ಟು ರಸ್ತೆಗೆ ಓಡಿದ್ದಳೋ! ಸಾಲೆಯ ಮುಂದೆಯೇ ಜಲ್ಲಿಕಲ್ಲು ತುಂಬಿದ ಟಿಪ್ಪರುಗಳ ಓಡಾಟ. "ಇನ್ನೊಮ್ಮಿ ಹಿಂಗಾದ್ರ ನನ್ನ ಕೈಲೆ ಆಗೂದಿಲ್ಲವಾ, ಮನ್ಯಾಗ ಇಟ್ಟಗೋ," ಎಂದಿದ್ದರು ಮುರಗೆಪ್ಪ ಗುರುಗಳು. ಗುಳಿಗೆ ಶುರುವಾದ ಮೇಲೆ ಕಾಜಲಳೇ ಹೇಳಿದ್ದಳು: "ಅವ್ವಾ, ತಲ್ಯಾಗಿನ ಕುರಿ ಎಲ್ಲಾ ಹಟ್ಟಿಗಿ ಬಂದು ಕುಂತಾವು."

ಹತ್ತಿರದ ಜತ್ತಿನ ಮೆಡಿಕಲ್ಲುಗಳಲ್ಲಿ ಆ ಗುಳಿಗೆ ಸಿಗುತ್ತಿರಲಿಲ್ಲ. ದ್ರಾಕ್ಷಿ ತೋಟದ ಕೂಲಿ ಬಿಟ್ಟು ಶೀತಲ ಡಾಕ್ಟರಿದ್ದ ಸಾಂಗ್ಲಿಯ ಬಸ್ಸು ಹತ್ತಿದಳು, ಮಾಳುವನ್ನೂ ಎಳೆದುಕೊಂಡು.

ಇಷ್ಟು ಬೇಗ ಹೇಗೆ ಮುಗಿಯಿತು ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು. ಟಗರು ತಿಂದಿತು ಎಂದಳು. ಅವಳ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

ಡಾಕ್ಟರು ಪೆನ್ನು ಕೆಳಗಿಟ್ಟರು. ಇಲಿ ತಿಂದದ್ದು, ನೀರಿಗೆ ಬಿದ್ದದ್ದು, ಬಸ್ಸಿನಲ್ಲಿ ಕಳೆದದ್ದು, ಎಲ್ಲ ಕೇಳಿಯಾಗಿದೆ. ಟಗರು ಇದೇ ಮೊದಲು ಎಂದರು.

ಮಾಳು ಅವಸರದಿಂದ ಮೊಬೈಲು ತೆಗೆದು ತಾನು ಸ್ಟೇಟಸ್ಸಿಗೆ ಹಾಕಿದ್ದ ವಿಡಿಯೊ ತೋರಿಸಿದ. ಸರ್ಜಾ ಕಂಬಕ್ಕೆ ಹಾಯುತ್ತಿತ್ತು, ಮಂದಿ ಸಿಳ್ಳೆ ಹೊಡೆಯುತ್ತಿದ್ದರು. ಡಾಕ್ಟರ ತುಟಿಯಲ್ಲಿ ನಗು ಸುಳಿಯಿತು, ಒಡನೆ ಆರಿತು.

ನಂಬಿದೆ ಎಂದರು. ಆದರೂ ತಾರೀಖಿಗೆ ಮೊದಲು ಬರೆಯಲಾರೆ. ಕಾಲೇಜಿನ ಹುಡುಗನೊಬ್ಬ ಗುಳಿಗೆ ಕಳೆಯಿತೆಂದು ತಾಯಿಯನ್ನು ಕರೆತಂದು ಇಲ್ಲಿಯೇ ಅಳುವಂತೆ ಮಾಡಿದ್ದ; ಬರೆದುಕೊಟ್ಟದ್ದನ್ನು ಹಾಸ್ಟೆಲಿನಲ್ಲಿ ಮಾರಿದ್ದ. ಆಮೇಲೆ ಔಷಧ ಇಲಾಖೆಯ ತಪಾಸಣೆಯವರು ಬಂದು ಕೂತರು. ಈಗ ಮೆಡಿಕಲ್ಲಿನವರೂ ಕೊಡುವುದಿಲ್ಲ.

ಅವನು ಮಾರಿದ್ದಕ್ಕೆ ನನ್ನ ಮಗಳೇಕೆ ರಸ್ತೆಗೆ ಓಡಬೇಕು, ಎಂದಳು ಶೀತಲ.

ಡಾಕ್ಟರು, ಅಲ್ಲಿಯ ತನಕ ಚೆನ್ನಾಗಿ ನೋಡಿಕೊಳ್ಳಿ ಎಂದರು.

ನೋಡಿಕೊಳ್ಳಬೇಕಂತೆ! ಯಾರು? ಕೂಲಿ ಬಿಟ್ಟರೆ ಒಲೆ ಯಾರು ಹಚ್ಚಬೇಕು? ವಾಪಸು ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮಾಳು, ಸರ್ಜಾ ಮೇವು ತಿಂದಿತೋ ಇಲ್ಲವೋ ಎಂದು ತನ್ನ ತಾಯಿ ಅಕ್ಕವ್ವನನ್ನು ಫೋನಿನಲ್ಲಿ ವಿಚಾರಿಸುತ್ತಿದ್ದ. ಶೀತಲ ಫೋನು ಕಸಿದು ಬಂದ್ ಮಾಡಿದಳು.

"ನಾಳಿಂದ ಸಾಲಿ ಬಾಗಲದಾಗ ನೀ ಕುಂದರು. ಗುಳಿಗಿ ಬರೂತನಕ ಕಾಜಲನ್ನ ಹೊರಗ ಬಿಡಬ್ಯಾಡ."

"ಮಂದಿ ನಗತಾರ ವೈನಿ."

"ನಗಲಿ. ಡಾಕ್ಟರ ಮುಂದ ನನ್ನ ಕಳ್ಳಿ ಮಾಡಿದೆಲ್ಲಾ, ಆವಾಗ ನಿನಗ ನಾಚಿಕಿ ಬರಲಿಲ್ಲ?"

ಮರುದಿನ ಸಂಜೆ ಮಾಳು ಕಾಜಲಳ ಕೈಯನ್ನು ಗಟ್ಟಿಯಾಗಿ ಹಿಡಿದು ಬಂದ. ಅವನ ಮೊಳಕಾಲು ತರಚಿತ್ತು. ಅವಳ ಅಂಗಿಯ ಬೆನ್ನು ಹರಿದಿತ್ತು.

"ಅವ್ವಾ, ಕಾಕಾ ನನ್ನ ಹಿಡ್ಯಾಕ ಬಂದು ಬಿದ್ದಾ!" ಎನ್ನುತ್ತ ಅವಳು ಬೆಕ್ಕಿನ ಹಿಂದೆ ಓಡಿದಳು.

ಮಾಳು ಕಟ್ಟೆಯ ಮೇಲೆ ಕುಸಿದ. "ಟಿಪ್ಪರ ಬಂದಿತ್ತು ವೈನಿ. ಅಂಗಿ ಹಿಡದು ಜಗ್ಗಿದೆ. ಒಂದಿಷ್ಟ ತಪ್ಪಿದ್ರ..." ಮೊಳಕಾಲಿನ ಮಣ್ಣು ಕೊಡವಿಕೊಂಡ. "ಒಂದ ದಿನಕ್ಕ ಸಾಕಾತು. ನೀ ಹೆಂಗ ಸಂಬಾಳಸತಿದ್ದಿ?"

ಶೀತಲ ಹರಿದ ಅಂಗಿ ಹೊಲಿಯಲು ಸೂಜಿ ಹುಡುಕುತ್ತ ಒಳಗಿನಿಂದಲೇ ಅಂದಳು:

"ನಾಳಿ ಲಗೂನ ಏಳು, ಸಾಲಿ ಬಾಗಲಕ್ಕ ಹೋಗಬೇಕು."