ಮೊಟ್ಟೆಯ ಚೀಲ

ನನ್ನ ಗಂಡ ವೈಟ್, ಆಗಸ್ಟಿನ ಚಳಿಜ್ವರದಲ್ಲಿ ಸತ್ತ. ಸೆಪ್ಟೆಂಬರಿನಲ್ಲಿ ಸವಾನ್ನಾದಿಂದ ಒಬ್ಬ ಅಧಿಕಾರಿ ದೋಣಿಯಲ್ಲಿ ಬಂದು, ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ, ಈ ಐವತ್ತು ಎಕರೆ ಇನ್ನು ನಿನ್ನದಲ್ಲ ಎಂದು ಹೇಳಿದ. ಅಮೆರಿಕದ ಈ ಜಾರ್ಜಿಯಾ ವಸಾಹತಿನಲ್ಲಿ ಭೂಮಿ ಅಪ್ಪನಿಂದ ಗಂಡುಮಗನಿಗೆ ಮಾತ್ರ ಹೋಗುತ್ತದೆ. ಬಂದೂಕು ಹಿಡಿಯುವವನಿಗೆ ನೆಲ ಎನ್ನುವುದು ಲಂಡನ್ನಿನಲ್ಲಿ ಕೂತು ವಸಾಹತು ನಡೆಸುವ ಧಣಿಗಳ ಕಟ್ಟಳೆ. ನನಗೆ ಮಕ್ಕಳಿರಲಿಲ್ಲ. ಆ ಪೈನ್ ಮರಗಳ ಬೊಡ್ಡೆ ಕಿತ್ತವರು ನಾವಿಬ್ಬರೂ ಎಂದು ಹೇಳಿದೆ. ಅವನು ಸೊಳ್ಳೆ ಓಡಿಸಿಕೊಳ್ಳುತ್ತಿದ್ದ.

ಅದೇ ಧಣಿಗಳಿಗೆ ರೇಷ್ಮೆಯ ಹುಚ್ಚು. ಹಾಗಾಗಿ ಹೊರಡುವಾಗ ಅವನು ಒಂದು ಮಾತು ಬಿಟ್ಟು ಹೋದ. ಬರುವ ವಸಂತದಲ್ಲಿ ನಾನೇ ಕೈಯಾರೆ ಹತ್ತು ಪೌಂಡು ತೂಕದ ರೇಷ್ಮೆಗೂಡು ಬೆಳೆದುಕೊಟ್ಟರೆ, ನಾನು ಬದುಕಿರುವ ತನಕ ಮನೆಯನ್ನೂ ಅದರ ಹಿಂದಿನ ಹಿಪ್ಪುನೇರಳೆ ತೋಪನ್ನೂ ನನಗೇ ಬಿಡುವುದು. ವೈಟ್ ನೆಟ್ಟ ಮರಗಳು ಅವು. ಮೂರನೇ ಸಾಲಿನ ಕೊನೆಯಲ್ಲಿ ಅವನನ್ನು ಹೂತಿದ್ದೇವೆ.

ರೇಷ್ಮೆಹುಳುವಿನ ಮೊಟ್ಟೆಯನ್ನು ನಮ್ಮೂರಿನಲ್ಲಿ ನಾವು ಒಲೆಯ ಪಕ್ಕ ಇಡುವುದಿಲ್ಲ. ಬೆರಳುದ್ದದ ಬಟ್ಟೆಯ ಚೀಲದಲ್ಲಿ ಹಾಕಿ ಹೆಂಗಸರು ಎದೆಯ ನಡುವೆ ಕಟ್ಟಿಕೊಳ್ಳುತ್ತೇವೆ. ಮೈಯ ಕಾವಿನಲ್ಲಿ ಮೊಟ್ಟೆ ಒಡೆಯುವುದಕ್ಕೂ ಮರ ಚಿಗುರುವುದಕ್ಕೂ ಸರಿಹೋಗಬೇಕು. ಜ್ವರ ಬಂದವಳು ಚೀಲವನ್ನು ಇನ್ನೊಬ್ಬಳಿಗೆ ಕೊಡಬೇಕು. ಇಲ್ಲವಾದರೆ ಹುಳು ಹೊತ್ತಿಗೆ ಮುಂಚೆ ಹೊರಬಂದು ಎಲೆಯಿಲ್ಲದೆ ಸಾಯುತ್ತದೆ. ಅದಕ್ಕೇ ನಮ್ಮಲ್ಲಿ ಹಿರಿಯಳಾದ ಬ್ರಿಗಿಟಾ ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬಳ ಹಣೆಯನ್ನೂ ಮುಟ್ಟಿ ನೋಡುತ್ತಾಳೆ. ಪಾದ್ರಿಗಿಂತ ಅವಳ ಗತ್ತೇ ಹೆಚ್ಚು.

ಫೆಬ್ರವರಿಯಲ್ಲಿ ಚೀಲ ಕಟ್ಟಿಕೊಂಡ ಮೂರನೇ ದಿನಕ್ಕೆ ನನಗೆ ಚಳಿ ಶುರುವಾಯಿತು. ಮೊದಲು ಹಲ್ಲು ಕಟಕಟ, ಆಮೇಲೆ ಮೈಯೆಲ್ಲ ಕೆಂಡ. ಒಂದು ದಿನ ಬಿಟ್ಟು ಒಂದು ದಿನ.

ಭಾನುವಾರ ಪ್ರಾರ್ಥನೆಯ ನಡುವೆಯೇ ಎದ್ದು ಹೋಗಿ ಬಾವಿಯ ನೀರಿನಲ್ಲಿ ಮುಖ ಅದ್ದಿದೆ. ಒರೆಸಿಕೊಂಡು ಬಂದು ಸಾಲಿನಲ್ಲಿ ನಿಂತೆ.

"ಏನೇ ರೋಸಿನಾ, ಹರಳೆಣ್ಣೆ ಕುಡಿದೋಳ ಥರ ಮುಖ ಮಾಡ್ಕೊಂಡಿದೀಯ?" ಎಂದಳು ಬ್ರಿಗಿಟಾ.

"ನನ್ನ ಮುಖ ಇರೋದೇ ಹಂಗೆ. ಕೈ ಇಟ್ಟು ಬೇಗ ಮುಗಿಸು."

"ಅಬ್ಬಬ್ಬಾ, ಕಪ್ಪೆ ಥರ ತಣ್ಣಗಿದೀಯಲ್ಲೇ! ಹೋಗು, ಹೋಗು."

ಹಿಂದಿನವರು ನಕ್ಕರು. ನಾನೂ ನಕ್ಕೆ. ಗೆದ್ದೆ ಅಂದುಕೊಂಡೆ, ಮುಠ್ಠಾಳಿ.

ಜ್ವರ ಬಂದರೂ ಚೀಲ ಕೊಡದಿದ್ದುದಕ್ಕೆ, ನನ್ನ ಕೈಯಿಂದಲೇ ಆಗಬೇಕು ಎಂದು ಆ ಅಧಿಕಾರಿ ಹೇಳಿದ್ದು ಒಂದು ಕಾರಣ. ಆದರೆ ಅದೊಂದೇ ಅಲ್ಲ, ಈಗ ಮುಚ್ಚಿಡುವುದೇನು? ವೈಟ್ ಹೋದ ಮೇಲೆ ನನ್ನ ಮೈಗೆ ಅಂಟಿಕೊಂಡು ಮಲಗಿದ ಜೀವ ಎಂದರೆ ಆ ಚೀಲ ಮಾತ್ರ. ಮಗ್ಗುಲು ಬದಲಿಸುವಾಗ ಅದನ್ನು ಕೈಯಿಂದ ಮುಚ್ಚಿಕೊಳ್ಳುತ್ತಿದ್ದೆ. ಹೊಲದ ಸುದ್ದಿ, ಹಂದಿ ನುಗ್ಗಿ ಗೆಣಸು ಅಗೆದ ಸುದ್ದಿ, ಎಲ್ಲವನ್ನೂ ಅದಕ್ಕೆ ಹೇಳುತ್ತಿದ್ದೆ. ಅದನ್ನು ಬಿಚ್ಚಿ ಇನ್ನೊಬ್ಬಳ ಎದೆಗೆ ಕಟ್ಟಲು ನನಗೆ ಮನಸ್ಸಾಗಲಿಲ್ಲ.

ಬುಧವಾರ ಬೆಳಿಗ್ಗೆ ಎದೆಯ ಮೇಲೆ ಇರುವೆ ಹರಿದಂತಾಯಿತು. ಚೀಲ ಬಿಚ್ಚಿದರೆ ಕೂದಲಿನಷ್ಟು ಸಣ್ಣ ಕಪ್ಪು ಹುಳುಗಳು ಕಿಕ್ಕಿರಿದಿದ್ದವು. ತೋಪಿಗೆ ಓಡಿದೆ. ಮರಗಳೆಲ್ಲ ಬರೀ ಕಡ್ಡಿ. ಚಿಗುರಲು ಇನ್ನೂ ಎರಡು ವಾರವಿತ್ತು.

ಬ್ರಿಗಿಟಾಳ ಮನೆಯ ಬಾಗಿಲು ತಟ್ಟಿದೆ. ಅವಳು ಚೀಲ ನೋಡಿದಳು, ನನ್ನ ಕೆನ್ನೆ ನೋಡಿದಳು.

"ಎಷ್ಟು ದಿನದಿಂದ ಜ್ವರ?"

"ಒಂದು ವಾರ."

"ಹಾಳಾದೋಳೇ! ಜ್ವರ ಬಿಡೋ ತನಕ ನಾನು ಇಟ್ಕೊಂಡಿದ್ದು ವಾಪಸ್ ಕೊಡ್ತಿರಲಿಲ್ವಾ? ನಿನ್ನ ಹುಳು ನಾನು ತಿಂದು ಬಿಡ್ತಿದ್ನಾ? ಯಾಕೆ ಹೇಳ್ಲಿಲ್ಲ?"

"ಕೊಟ್ಟಿದ್ರೆ ನನ್ನ ಜೊತೆ ಯಾರೂ ಇರ್ತಿರಲಿಲ್ಲ" ಎಂದೆ.

ಅವಳು ಬುಟ್ಟಿ ಹಿಡಿದು ಹಿತ್ತಿಲಿಗೆ ಹೋಗಿ, ಹುಲ್ಲು ಹೊದಿಸಿ ಬೆಳೆಸಿದ್ದ ಲೆಟಿಸ್ ಸೊಪ್ಪನ್ನು ಒಂದು ಗಿಡವನ್ನೂ ಬಿಡದೆ ಕೊಯ್ದು ತಂದಳು. ಹಿಪ್ಪುನೇರಳೆ ಇಲ್ಲದಾಗ ಹುಳು ಅದನ್ನು ಒಲ್ಲದ ಮನಸ್ಸಿನಿಂದ ತಿನ್ನುತ್ತದೆ. ಸಣ್ಣಗೆ ಹೆಚ್ಚಿ ಹಾಕಿದೆವು. ಒಂದು ವಾರ ತಿಂದವು. ಆಮೇಲೆ ಸೊಪ್ಪು ಮುಗಿಯಿತು, ಹಿಮವೂ ಬಿತ್ತು, ಹುಳುಗಳು ನೀರಾಗಿ ತಟ್ಟೆಯಲ್ಲೇ ಕರಗಿಹೋದವು. ದಿನಾ ಬೆಳಿಗ್ಗೆ ಗರಿಯಿಂದ ಸತ್ತವನ್ನು ಗುಡಿಸುತ್ತಿದ್ದೆ. ಮರ ಚಿಗುರುವ ಹೊತ್ತಿಗೆ ಉಳಿದವು ಹನ್ನೊಂದು.

ಹನ್ನೊಂದೂ ಗೂಡು ಕಟ್ಟಿದವು. ಮೇ ತಿಂಗಳಲ್ಲಿ ಬಂದ ಅಧಿಕಾರಿಯ ಮುಂದೆ ಅಂಗೈಯಲ್ಲಿ ಹಿಡಿದು ನಿಂತೆ. ಈ ಸಲ ಅವನು ಟೋಪಿ ತೆಗೆದ. ಆ ಮರ್ಯಾದೆ ತೆಗೆದುಕೊಂಡು ನಾನೇನು ಮಾಡಲಿ? ಮನೆ, ತೋಪು ಎಲ್ಲ ಮೂರು ಗಂಡುಮಕ್ಕಳ ತಂದೆಯೊಬ್ಬನಿಗೆ ಹೋಯಿತು.

ನಾನು ಗಿರಣಿಯವರ ಮನೆಯಲ್ಲಿ ಜೋಳ ಬೀಸುತ್ತಾ, ಅವರ ಹಿಂಬದಿಯ ಕೋಣೆಯಲ್ಲಿ ಮಲಗುತ್ತಾ ಒಂಬತ್ತು ತಿಂಗಳು ಕಳೆದೆ. ಅವರು ಒಳ್ಳೆಯವರೇ. ಊಟಕ್ಕೆ ಕರೆಯುತ್ತಾರೆ, ಮಾತಿಗೆ ಕರೆಯುವುದಿಲ್ಲ. ಬೇಲಿಯಾಚೆಗೆ ಮೂರನೇ ಸಾಲು ಕಾಣುತ್ತದೆ. ಅಲ್ಲಿಗೆ ಹೋಗಲು ಈಗ ಇನ್ನೊಬ್ಬರ ಅಪ್ಪಣೆ ಕೇಳಬೇಕು. ನಾನು ಕೇಳಿಲ್ಲ.

ಮತ್ತೆ ಫೆಬ್ರವರಿ ಬಂತು. ಪ್ರಾರ್ಥನೆಯ ನಂತರ ಹೆಂಗಸರು ಚೀಲಕ್ಕೆ ಸಾಲು ನಿಂತರು. ನಾನು ಗೋಡೆಗೆ ಒರಗಿ ಹಿಂದೆ ಉಳಿದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಗೊತ್ತಿತ್ತಲ್ಲ.

"ಏ ಕಪ್ಪೆ, ಅಲ್ಯಾಕೆ ಅಂಟ್ಕೊಂಡಿದೀಯ? ಬಾ ಇಲ್ಲಿ" ಎಂದು ಬ್ರಿಗಿಟಾ ಎಲ್ಲರೆದುರು ಕೂಗಿದಳು.

ಹೋದೆ. ಮೊದಲು ತನ್ನ ಸೊಂಟದ ಮುಂದೆ ಕಟ್ಟಿದ್ದ ಬಟ್ಟೆಯಿಂದ ನನ್ನ ಮುಖವನ್ನು ಒರಟಾಗಿ ಒರೆಸಿದಳು, ನೀರಿದೆಯೇನೋ ಎಂಬಂತೆ. ಆಮೇಲೆ ಹಣೆಯ ಮೇಲೆ ಅಂಗೈ ಇಟ್ಟಳು. ದಪ್ಪ, ಬಿರುಕುಬಿಟ್ಟ, ಬೆಚ್ಚಗಿನ ಕೈ. ಹಿಂದಿನ ಫೆಬ್ರವರಿಯಿಂದ ಯಾರೂ ನನ್ನನ್ನು ಮುಟ್ಟಿರಲಿಲ್ಲ.

"ಜ್ವರ ಇಲ್ಲ" ಎಂದಳು.

"ಇನ್ನೊಂದ್ಸಲ ಸರಿಯಾಗಿ ನೋಡು" ಎಂದೆ.

ಅವಳು ನನ್ನ ಕಣ್ಣನ್ನೇ ನೋಡಿದಳು. ಬೈಯಲಿಲ್ಲ, ಕೈ ತೆಗೆಯಲೂ ಇಲ್ಲ. ಹಿಂದೆ ಸಾಲಿನಲ್ಲಿದ್ದವರು ಕಾಯುತ್ತಾ ನಿಂತಿದ್ದರು.